ನೀಲಿ ದಾರದ ತೋಳು

ಗಾಳಿ ಬಂದದ್ದು ಗುರುವಾರ ಸಂಜೆ ಐದೂವರೆಗೆ,
ಜೋಗಿಮಟ್ಟಿ ಕಡೆಯಿಂದ, ಕೆಂಪು ದೂಳನ್ನು ಮುಂದೆ ನೂಕಿಕೊಂಡು.
ಮೊದಲು ಹೋದದ್ದು ಓಣಿಯ ತುದಿಯ ಟೀ ಅಂಗಡಿಯ ತಗಡು,
ಆಮೇಲೆ ಬೇವಿನ ಮರ,
ಮರದ ಕೆಳಗಿದ್ದ ಟ್ರಾನ್ಸ್‌ಫಾರ್ಮರು,
ಆಮೇಲೆ ನಾವೆಲ್ಲ, ಒಂದೇ ಚಿಟಿಕೆಗೆ.

ನನ್ನ ಮಿಷನ್ನು ಅರ್ಧ ಹೊಲಿಗೆಯಲ್ಲಿ ನಿಂತಿತು.
ಸೂಜಿ ಬಟ್ಟೆಯೊಳಗೇ ಇತ್ತು.
ಗಿಳಿಹಸಿರು ರವಿಕೆ, ಬೋರಮ್ಮನ ಮಗಳದು,
ಭಾನುವಾರ ಒಂಬತ್ತೂವರೆಯ ಮುಹೂರ್ತಕ್ಕೆ.

'ಬರುತ್ತೆ ಬಿಡ್ರಿ, ಒಂದು ತಾಸು' ಅಂದ ಲೈನ್‌ಮನ್ ಪಾಲಯ್ಯ,
ಮರ ನೋಡುವ ಮೊದಲು.
ನೋಡಿದ ಮೇಲೆ ಏನೂ ಅನ್ನಲಿಲ್ಲ.
ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ,
ಸತ್ತವರ ಮನೆ ಮುಂದೆ ನಿಂತ ಹಾಗೆ.

ಗುಡ್ಡದ ಮೇಲೆ ಮಾತ್ರ ಫ್ಯಾನುಗಳು ತಿರುಗುತ್ತಲೇ ಇದ್ದವು,
ನಮ್ಮೂರ ಗಾಳಿಯನ್ನು ಕರೆಂಟು ಮಾಡಿ
ಎಲ್ಲಿಗೋ ಕಳಿಸುವವು.
ರಾತ್ರಿ ಅವುಗಳ ನೆತ್ತಿಯ ಕೆಂಪು ದೀಪಗಳು
ಒಟ್ಟಿಗೆ ಹತ್ತಿ ಒಟ್ಟಿಗೆ ಆರುವುದನ್ನು
ಮೆಟ್ಟಿಲ ಮೇಲೆ ಕೂತು ಎಣಿಸಿದೆವು.
'ಬೆಣ್ಣೆ ಕಡೆಯೋರ ಮನೇಲೇ ಮಜ್ಜಿಗೆ ಇಲ್ಲ ನೋಡು'
ಅಂದರು ಜುಬೇದಾ ಬೀ.

ಅವರ ಇನ್ಸುಲಿನ್ ಸೀಸೆ ಫ್ರಿಜ್ಜಿನಲ್ಲಿ ಬೆಚ್ಚಗಾಗುತ್ತಿತ್ತು.
ನಮ್ಮತ್ತೆಯ ಕಾಲದ ಮಡಕೆಗಳನ್ನು ಅಟ್ಟದಿಂದ ಇಳಿಸಿದೆ.
ದೊಡ್ಡದರಲ್ಲಿ ಮರಳು, ಮರಳಲ್ಲಿ ಚಿಕ್ಕದು,
ಮೇಲೆ ಒದ್ದೆ ಗೋಣಿತಟ್ಟು,
ಒಳಗೆ ಆ ಹೆಬ್ಬೆರಳುದ್ದದ ಸೀಸೆ.
ಎರಡು ತಾಸಿಗೊಮ್ಮೆ ನೀರು ಚಿಮುಕಿಸಲು
ಅವರ ಮೊಮ್ಮಗ ಫೋನಿನಲ್ಲಿ ಅಲಾರಂ ಇಟ್ಟ.
ಫೋನು ಸತ್ತಿತು.
ಆದರೂ ಹುಡುಗ ಎದ್ದ.

ಇನ್ವರ್ಟರ್ ಇದ್ದ ಕಂಟ್ರಾಕ್ಟರ ಮನೆಯವರು
ಕಿಟಕಿಗೆ ದಪ್ಪ ಬೆಡ್‌ಶೀಟು ಕಟ್ಟಿದ್ದರು,
ಬೆಳಕು ಬೀದಿಗೆ ಸೋರದ ಹಾಗೆ.
ತಪ್ಪೇನು, ನನಗಿದ್ದರೆ ನಾನೂ ಕಟ್ಟುತ್ತಿದ್ದೆನೇನೋ.
ಶುಕ್ರವಾರ ಮಧ್ಯಾಹ್ನ ಅದೂ ಕೀಚ್ ಕೀಚ್ ಅಂದು ಸುಮ್ಮನಾಯಿತು.
ಬೀಸಣಿಗೆ ಇದೆಯಾ ಅಂತ ಕೇಳಿಕೊಂಡು ಬಂದರು.
ಬೋರಮ್ಮನ ಮನೆಯ ಲಗ್ನಪತ್ರಿಕೆ ಕೊಟ್ಟೆ,
ಗಟ್ಟಿ ಕಾಗದದ್ದು.

ಹಗಲೆಲ್ಲ ನೀರಿನ ಸಾಲಿಗೇ ಹೋಯಿತು.
ಮೂಲೆಯ ಕೈಬೋರಿಗೆ ಹಿಡಿಯೇ ಇರಲಿಲ್ಲ;
ಆಟೋ ಓಬಳೇಶ ಒನಕೆಯೊಂದನ್ನು ಟ್ಯೂಬಿನಲ್ಲಿ ಬಿಗಿದ.
ಅದು ಕೆಮ್ಮಿತು, ತುಕ್ಕು ಉಗುಳಿತು,
ನಲವತ್ತನೇ ಸಲಕ್ಕೆ ನೀರು.

ರಾತ್ರಿ ಮೋಟರಿನ ಬೆಲ್ಟು ಬಿಚ್ಚಿ ಕಾಲುಹಲಗೆಗೆ ಹಾಕಿದೆ.
ಎಂಟು ವರ್ಷದ ಮೇಲೆ.
ಮೊಣಕಾಲು ಬೈದರೂ ಪಾದಕ್ಕೆ ಲೆಕ್ಕ ನೆನಪಿತ್ತು.
ದೇವರ ಹಣತೆ ಎರಡು, ಹಿಂದೆ ಸ್ಟೀಲು ತಟ್ಟೆ,
ಮೂರನೆಯದನ್ನು ಕೈಯಲ್ಲಿ ಹಿಡಿದು ನಿಂತವಳು
ಮದುವಣಗಿತ್ತಿಯೇ, ದ್ರಾಕ್ಷಾಯಣಿ.
'ಅಕ್ಕಾ, ತೋಳು ಸ್ವಲ್ಪ ಸಡಿಲ ಇಡಿ' ಅಂದಳು,
'ಪಾತ್ರೆ ತೊಳೆಯುವಾಗ ಮೇಲೇರಿಸಬೇಕಲ್ಲ.'
'ಮುಹೂರ್ತದ ರವಿಕೆ ತೊಟ್ಟು
ಯಾರೇ ಹುಡುಗಿ ಪಾತ್ರೆ ತೊಳೀತಾರೆ?'
ಉತ್ತರವಿಲ್ಲ. ದೀಪ ಒಂಚೂರು ಅಲುಗಿತು.
ನಾನು ಎಡತೋಳು ತಿರುಗಿಸಿದೆ.

ಎರಡೂ ನಲವತ್ತಕ್ಕೆ ಬಂತು ಕರೆಂಟು.
ಆರಿಸಲು ಮರೆತದ್ದೆಲ್ಲ ಒಟ್ಟಿಗೆ ಎದ್ದಿತು.
ಯಾರದೋ ಮಿಕ್ಸಿ, ಯಾರದೋ ಟಿವಿಯಲ್ಲಿ ಅರ್ಧ ಜಾಹೀರಾತು,
ಇಡೀ ಓಣಿ ಹೋ ಅಂತ ಕೂಗಿತು.
ಪಾಲಯ್ಯ ಕಂಬದಿಂದಿಳಿದು ಚರಂಡಿ ಕಟ್ಟೆಗೆ ಕೂತ.
ನೀರಿನ ಲೋಟ ಅವನ ಹಲ್ಲಿಗೆ ಕಟಕಟ ತಾಗುತ್ತಿತ್ತು.

ಟ್ಯೂಬ್‌ಲೈಟಿನಡಿ ರವಿಕೆ ಹರಡಿದೆ.
ಬಲತೋಳು ಹಸಿರು ದಾರ.
ಎಡತೋಳು ಪೂರಾ ನೀಲಿ.
ಬಿಚ್ಚಲು ಬ್ಲೇಡು ತೆಗೆದುಕೊಂಡೆ.
ಹೊಲಿಗೆ ನೋಡಿದರೆ, ನೇರ, ಒಂದೂ ಸೊಟ್ಟಿಲ್ಲ,
ಮೋಟರು ಹಾಕಿದ್ದಕ್ಕಿಂತ ಚೆಂದ.
ಬ್ಲೇಡು ಇಟ್ಟೆ.

ಭಾನುವಾರ ಅಕ್ಕಿಕಾಳು ಹಾಕಲು ಹತ್ತಿರ ಹೋದಾಗ
ಅವಳು ತಲೆ ಎತ್ತಲಿಲ್ಲ.
ಬಲಗೈಯ ಒಂದು ಬೆರಳು ಮಾತ್ರ
ಎಡತೋಳಿನ ಅಂಚನ್ನು ಒಳಗಿನಿಂದ
ಸವರುತ್ತಲೇ ಇತ್ತು.